ಒಳಗಡೆ ಬಿಟ್ಟ ಬಟ್ಟೆ

ಚಿಟಗುಪ್ಪದಲ್ಲಿ ಈ ವಾರ ಬಟ್ಟೆ ಹೊಲಿಸುವವರಿಗಿಂತ
ಸುದ್ದಿ ಕೇಳುವವರೇ ನನ್ನ ಅಂಗಡಿಯ ಕಟ್ಟೆ ಹತ್ತುತ್ತಾರೆ.
"ಏನ್ ಬಾಯಿ, ಖರೇ ಏನು? ಘಾಳೆಪ್ಪ ಸಾಹೇಬರು
ರಾಷ್ಟ್ರಪತಿಗೆ ನಿಂದರ್ತಾರಂತ?"
"ನಿಂದರೋದಲ್ಲೋ, ನಿಂದರಸ್ತಾರ"
ಎಂದು ತಿದ್ದುತ್ತಾರೆ ವಕೀಲ ಸಂಗ್ರಾಮಪ್ಪ.
ತಿದ್ದಿದ ಮೇಲೆ ಚಹಾ ತರಿಸುತ್ತಾರೆ, ನನ್ನ ಲೆಕ್ಕದಲ್ಲಿ.

ದೂರದ ಗುಡ್ಡಗಾಡಿನ ರಾಜ್ಯವೊಂದರ ರಾಜಭವನದಲ್ಲಿ
ನಾಲ್ಕು ವರ್ಷದಿಂದ ಇದ್ದಾರೆ ನಮ್ಮೂರ ಘಾಳೆಪ್ಪ.
ಆ ರಾಜ್ಯದ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳುವುದಿಲ್ಲ,
ದಿಲ್ಲಿಯ ಕೋಣೆಗಳ ಒಳಮಾತು ಮಾತ್ರ ಎಲ್ಲರಿಗೂ ಗೊತ್ತು:
ಆಳುವವರು ಒಲ್ಲೆನ್ನಬಾರದು, ಎದುರಿನವರು ಬೈಯಬಾರದು,
ಅಂಥವನೊಬ್ಬ ಬೇಕಂತೆ.
ಪಿಡಬ್ಲ್ಯುಡಿಯವರು ಬಂದು ಅವರ ಓಣಿಯ ರಸ್ತೆ ಅಳೆದು ಹೋದರಂತೆ.
ಅಳೆದದ್ದು ಚರಂಡಿ. ನಾನೇ ಕಂಡೆ.
ಮೊಯಿಜನ ಪಾನ್ ಡಬ್ಬಿಯಲ್ಲಿ ಐದುನೂರರ ಪಂಥ ನಡೆದಿದೆ.

ನನ್ನನ್ನೇ ಏಕೆ ಕೇಳುತ್ತಾರೆಂದರೆ,
ಅವರ ಬಟ್ಟೆ ಹೊಲಿದದ್ದು ನಮ್ಮಪ್ಪ, ನಾಮದೇವ ಸಿಂಪಿ,
ಅವನ ಕೈ ನಡುಗತೊಡಗಿದ ಮೇಲೆ ನಾನು.
ಅಳತೆ ಪುಸ್ತಕದಲ್ಲಿ ಅವರಿಗೆಂದೇ ಒಂದು ಹಾಳೆ:
ಎದೆ ಮೂವತ್ತಾರು, ಆಮೇಲೆ ಮೂವತ್ತೆಂಟು,
ಮಂತ್ರಿಯಾದ ವರ್ಷ ನಲವತ್ತೆರಡು,
ಸೋತ ವರ್ಷ ಮತ್ತೆ ನಲವತ್ತು.
ಕೊರಳು ಎಂದಿಗೂ ಹದಿನೈದೂವರೆ.
ಬದಿಯಲ್ಲಿ ಅಪ್ಪನ ಮೋಡಿ ಅಕ್ಷರದ ಟಿಪ್ಪಣಿ:
ಬಿಗಿಯೂ ಬೇಡ, ಸಡಿಲವೂ ಬೇಡ.

ಅವರ ರಾಜಕಾರಣವೂ ಅದೇ ಅಳತೆಯದು.
ಬೆಳಿಗ್ಗೆ ಮಠ, ಮಧ್ಯಾಹ್ನ ದರ್ಗಾ, ಸಂಜೆ ಬುದ್ಧವಿಹಾರ,
ಮೂರೂ ಕಡೆ ಅದೇ ಭಾಷಣ, ಬೇರೆ ಶಾಲು.
ನಗಬೇಡಿ.
ಬಜಾರಿನಲ್ಲಿ ಗಲಾಟೆಯಾದ ದಿನ, ಪೊಲೀಸರಿಗಿಂತ ಮುಂಚೆ ಬಂದು
ಎರಡು ಗುಂಪುಗಳ ನಡುವೆ ಕೈಮುಗಿದು ನಿಂತವರೂ ಅವರೇ.
ಕಲ್ಲೊಂದು ಎಡ ಹೆಗಲಿಗೆ ಬಡಿಯಿತು.
ಯಾವ ಕಡೆಯಿಂದ ಬಂತು?
ಪೊಲೀಸರು ಕೇಳಿದರು, ಪತ್ರಿಕೆಯವರು ಕೇಳಿದರು.
"ಮ್ಯಾಲಿಂದ ಬಿತ್ತು" ಅಂದರು ಘಾಳೆಪ್ಪ.

ಹರಿದ ಕೋಟಿಗೆ ಅಪ್ಪ ರಫು ಹಾಕಿದ,
ಪಕ್ಕದ ಮನೆಯ ಕಟ್ಟೆಯಲ್ಲಿ ಕೂತು, ಮೂರು ರಾತ್ರಿ,
ಅದೇ ಕೋಟಿನ ಒಳಮಡಿಕೆಯ ಎಳೆ ಬಿಚ್ಚಿ.
ಹಣ ತೆಗೆದುಕೊಳ್ಳಲಿಲ್ಲ. ಮಾತೂ ಆಡಲಿಲ್ಲ.
ಸುಟ್ಟ ಅಂಗಡಿಗಳಲ್ಲಿ ಒಂದು ನಮ್ಮದು.
ಯಂತ್ರದ ಚಕ್ರ ಉಳಿದಿತ್ತು, ಅಷ್ಟೇ.
ಅಳತೆ ಪುಸ್ತಕ ಮನೆಯಲ್ಲಿದ್ದುದರಿಂದ ಬಚಾವು.
ಎಷ್ಟೋ ವರ್ಷದ ಮೇಲೆ, ಸೂಜಿಗೆ ದಾರ ಪೋಣಿಸುತ್ತ, ಅಪ್ಪ ಅಂದ:
"ಅಂವ ಹೆಸರು ಹೇಳಿದ್ರ ಇನ್ನೆರಡು ಅಂಗಡಿ ಉರೀತಿದ್ದವು.
ಹೇಳಲಿಲ್ಲ.
ನಮ್ಮ ಅಂಗಡಿ ತಾನ ಸುಟ್ಟುಕೊಂಡ ಹಂಗ ಆತು."

ಮೊನ್ನೆ ಕೊರಿಯರಿನಲ್ಲಿ ಒಂದು ಕಟ್ಟು ಬಂತು.
ಇಡೀ ಓಣಿ ನೋಡಿತು.
ಮೇಲೆ ರಾಜಭವನದ ಮುದ್ರೆ,
ಒಳಗೆ ಬಂದಗಲಾಕ್ಕೆ ಕರಿಯ ಬಟ್ಟೆ ಮೂರು ಮೀಟರ್,
ಜೊತೆಗೆ ಆ ರಫು ಹಾಕಿದ ಹಳೆಯ ಕೋಟು.
ಚೀಟಿ ಅವರದೇ ಕೈಬರಹ:
"ರುಕ್ಮಾ, ಹಳೇದರ ಕಾಲರ್ ತಿರುವಿ ಹಾಕು, ಇನ್ನೂ ಬಾಳತದ.
ಹೊಸದಕ್ಕ ಅದೇ ಅಳತಿ. ಅವಸರ ಇಲ್ಲ.
ಆದರ ಒಳಗ ಒಂದಿಂಚು ಬಟ್ಟಿ ಬಿಡು."

"ಏನು ಬಂದದ ಬಾಯಿ?"
"ಕಾಲರ್ ರಿಪೇರಿ" ಅಂದೆ.
ಆ ಸಂಜೆಯೇ ಮೊಯಿಜನ ಡಬ್ಬಿಯಲ್ಲಿ ಘಾಳೆಪ್ಪರ ದರ ಬಿತ್ತು.

ಒಳಗೆ ಬಟ್ಟೆ ಬಿಡುವುದು ಬೆಳೆಯುವ ಹುಡುಗರಿಗೆ,
ಶಾಲೆ ಶುರುವಾಗುವಾಗ, ತಾಯಂದಿರು ಹೇಳಿದರೆ.
ಎಪ್ಪತ್ತೆರಡು ದಾಟಿದವರು ಕೇಳಿದ್ದು ಇದೇ ಮೊದಲು.
ಹೊರಗಿನಿಂದ ಯಾರಿಗೂ ಕಾಣದು, ಫೋಟೋದಲ್ಲೂ.
ಬೇಡವಾದರೆ ಹೊಲಿಗೆಯ ಹಿಂದೆ ಮಡಿಚಿಕೊಂಡು ಕೂತಿರುತ್ತದೆ,
ತಾನಿಲ್ಲವೆಂಬಂತೆ.

ರಾತ್ರಿ ಹಳೆಯ ಕೋಟನ್ನು ದೀಪದ ಕೆಳಗೆ ಹರವುತ್ತೇನೆ.
ಅಪ್ಪನ ರಫು ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗುತ್ತದೆ.
ಎಡ ಹೆಗಲು, ಮುಂಭಾಗ.
ಅಂದು ಅವರು ಯಾರ ಕಡೆ ಮುಖ ಮಾಡಿ ನಿಂತಿದ್ದರೆಂದು ಗೊತ್ತಿದ್ದರೆ
ಕಲ್ಲಿನ ದಿಕ್ಕೂ ಗೊತ್ತಾಗುತ್ತಿತ್ತು.
ಅಷ್ಟು ಜನರಲ್ಲಿ ಅದನ್ನು ನೋಡಿದವರು ಯಾರೂ ಇಲ್ಲವಂತೆ.

ಸೀಮೆಸುಣ್ಣ ತೆಗೆದುಕೊಂಡು ಹೊಸ ಬಟ್ಟೆಯ ಮೇಲೆ ಗೆರೆ ಎಳೆದೆ.
ಒಂದಿಂಚು ಕೇಳಿದ್ದರು.
ಮುಕ್ಕಾಲು ಬಿಟ್ಟೆ.