ತಕ್ಕದ್ದು

ಕರಡು ಮಸೂದೆ ಬಂದಿದೆ. ಹದಿನಾರು ಪುಟ, ಒಂದು ಪಿನ್ನು.
ಸಲಹೆ, ಆಕ್ಷೇಪಣೆಗಳಿದ್ದಲ್ಲಿ
ಮೂವತ್ತು ದಿನಗಳೊಳಗೆ ಸಲ್ಲಿಸತಕ್ಕದ್ದು.
ನನ್ನ ಟೇಬಲ್ಲಿಗೆ ಮುಟ್ಟುವಷ್ಟರಲ್ಲಿ
ಇಪ್ಪತ್ತೊಂದು ದಿನ ದಾರಿಯಲ್ಲೇ ಸವೆದಿವೆ.

ನಾನು ಗುರುಮಠಕಲ್ಲಿನ ಶಾಲೆಯ ಗುಮಾಸ್ತ.
ಇಪ್ಪತ್ತಾರು ವರ್ಷ ಟಿ.ಸಿ. ಬರೆದ ಕೈ.
ಸದರಿ ವಿದ್ಯಾರ್ಥಿ, ಸದರಿ ದಿನಾಂಕ, ನಡತೆ ಉತ್ತಮ.
ಮುಖ ನೋಡದೆಯೂ ನಡತೆ ಬರೆಯಬಲ್ಲೆ.

ಆದರೆ ಎರಡನೇ ಪುಟದಲ್ಲಿ
'ಸಾಕು ಮನೆಯಲ್ಲಿರುವ ಸದರಿ ಮಗು' ಎಂದು ಓದಿದಾಗ
ಪೆನ್ನು ಕೆಳಗಿಟ್ಟು ಕಿಟಕಿಯಾಚೆ ನೋಡಿದೆ.
ಸದರಿ ಮಗು ನಳದ ಹತ್ತಿರ ತಟ್ಟೆ ತೊಳೆಯುತ್ತಿತ್ತು,
ತನ್ನದೊಂದೇ ಅಲ್ಲ, ನಾಲ್ಕು ಮಂದಿಯದು.

ಹೆಸರು ತಾಯಪ್ಪ.
ಅರ್ಜಿಯಲ್ಲಿ ತಾಯಿಯ ಹೆಸರಿನೆದುರು ಒಂದು ಗೀಟು,
ತಂದೆಯ ಹೆಸರಿನೆದುರು ಇನ್ನೊಂದು.
ಯಾರಿಟ್ಟರೋ ಈ ಹೆಸರು, ಮುಂದಿನದು ಬಲ್ಲವರು:
ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿ ಕಳಿಸಿದ್ದಾರೆ, ಬುತ್ತಿಯಂತೆ.

ಸೈದಾಪುರದಲ್ಲಿ ಆರು ತಿಂಗಳು. ಸಾಕಿದವರಿಗೆ ಸ್ವಂತ ಮಗು ಹುಟ್ಟಿತು.
ಕೆಂಭಾವಿಯಲ್ಲಿ ಒಂದು ಬೇಸಿಗೆಯೂ ನಿಲ್ಲಲಿಲ್ಲ.
ಶಹಾಪುರದಲ್ಲಿ ಒಬ್ಬ ಮುದುಕಿ,
ಆಮೇಲೆ ಮುದುಕಿಯ ಮಣ್ಣು.
ಪ್ರತಿ ಊರಿಗೂ ಟಿ.ಸಿ. ಅವನಿಗಿಂತ ತಡವಾಗಿ ಬಂತು.
ಬರುವ ತನಕ ಹಿಂದಿನ ಬೆಂಚು, ಹಾಜರಿಯಲ್ಲಿ ಹೆಸರಿಲ್ಲ.
ಇದ್ದಾನೆ, ಆದರೆ ಬಂದಿಲ್ಲ.

ಓದು ಬಾ ಅಂದೆ ಒಂದು ದಿನ.
ಮೂರನೆಯ ಇಯತ್ತೆ ಕನ್ನಡ: ಮೊದಲ ಪಾಠ ಬಾಯಿಪಾಠ.
ನಾಲ್ಕನೆಯದು: ಮೊದಲ ಪಾಠ ಬಾಯಿಪಾಠ.
ಕೂಡಿಸುವುದು ಪಕ್ಕಾ. ಭಾಗಾಕಾರ ಗೊತ್ತಿಲ್ಲ.
ಭಾಗಾಕಾರ ಕಲಿಸುವ ತಿಂಗಳಲ್ಲೆಲ್ಲ
ಅವನು ಬಸ್ಸಿನಲ್ಲಿದ್ದ.

ಈಗ ಗಿರಣಿಯ ಸಾಬಮ್ಮನ ಮನೆ.
ಹಿಟ್ಟು ಹುಬ್ಬಿಗೇರಿದ ಹೆಂಗಸು. ದಾಖಲಾತಿಗೆ ಬಂದವಳು
ಪೋಷಕರ ಸಹಿಯ ಜಾಗದಲ್ಲಿ ಹೆಬ್ಬೆರಳೊತ್ತಿದಳು.
ಶಾಯಿ ಹತ್ತಲಿಲ್ಲ, ಗೆರೆಗಳ ತುಂಬ ಜೋಳದ ಹಿಟ್ಟು.
"ಒರಸ್ಕೋ ಅವ್ವ" ಅಂದೆ. ಸೆರಗಿಗೆ ಒರಸಿದಳು. ಸೆರಗೂ ಹಿಟ್ಟು.
ಕೊನೆಗೆ ಹುಡುಗನ ಅಂಗಿಗೆ ಒರಸಿದಳು, ನಕ್ಕರು ಇಬ್ಬರೂ.
ಆ ಹೆಬ್ಬೆಟ್ಟು ಈಗಲೂ ಅರ್ಧವೇ ಇದೆ ಕಾಗದದಲ್ಲಿ.
ನಾನು ತಕರಾರು ಮಾಡಲಿಲ್ಲ.

ಇನ್ನು ಮಸೂದೆ.
ಕಲಂ ನಾಲ್ಕು: ಮನೆ ಬದಲಾದ ಮಾತ್ರಕ್ಕೆ ಶಾಲೆ ಬದಲಾಗತಕ್ಕದ್ದಲ್ಲ.
ಕಲಂ ಐದು: ದಾಖಲೆಗಳನ್ನು ಏಳು ದಿನದೊಳಗೆ ಕಳುಹಿಸತಕ್ಕದ್ದು.
ಕಲಂ ಒಂಬತ್ತು: ತಪ್ಪಿಹೋದ ಪಾಠಗಳನ್ನು ಬೇರೆಯಾಗಿ ಹೇಳಿಕೊಡತಕ್ಕದ್ದು.
ಸರಕಾರಿ ಕನ್ನಡದಲ್ಲಿ ತಕ್ಕದ್ದು ಎಂದರೆ ಮಾಡಲೇಬೇಕಾದದ್ದು.
ಸಾಬಮ್ಮನ ಕನ್ನಡದಲ್ಲಿ
ಕಾಳಿಗೆ ತಕ್ಕ ಹಿಟ್ಟು, ತಂದವರಿಗೆ ಅವರವರದು.
ಎರಡೂ ಒಂದೇ ತಕ್ಕಡಿಯಲ್ಲಿ ಕೂತದ್ದನ್ನು
ನಾನಿನ್ನೂ ಕಂಡಿಲ್ಲ.

ಆಕ್ಷೇಪಣೆ ಒಂದು: ಏಳು ದಿನ ಹೆಚ್ಚಾಯಿತು.
ಬೆಳಿಗ್ಗೆ ಇಲ್ಲಿ ಬಸ್ಸು ಹತ್ತಿದರೆ, ಯಾದಗಿರಿಯಲ್ಲಿಳಿದು ಚಹಾ ಕುಡಿದರೂ
ಮಧ್ಯಾಹ್ನಕ್ಕೆ ಶಹಾಪುರ.
ಕಾಗದಕ್ಕೆ ಮಾತ್ರ ಯಾಕೆ ಕಾಲುನೋವು?

ಆಕ್ಷೇಪಣೆ ಎರಡು ನನ್ನ ಮೇಲೆಯೇ.
ಹೋದ ಜುಲೈಯಲ್ಲಿ ಇಂಥದೇ ಒಬ್ಬ ಹುಡುಗಿಯ ಟಿ.ಸಿ.
ಎರಡು ತಿಂಗಳು ನನ್ನ ಡ್ರಾದಲ್ಲಿ ಬಿದ್ದಿತ್ತು,
ಲೈಬ್ರರಿ ಪುಸ್ತಕ ವಾಪಸು ಬಂದಿಲ್ಲವೆಂದು.
ಹನ್ನೆರಡು ರೂಪಾಯಿಯ ಪುಸ್ತಕ.
ಆಗ ಕಾನೂನು ಇರಲಿಲ್ಲ ಅನ್ನಬಹುದು.
ಅನ್ನಲಾರೆ.

ಸಲಹೆ ಬರೆಯಲು ಕೂತಾಗ ತಾಯಪ್ಪ ಬಾಗಿಲಲ್ಲಿ,
ಪುಸ್ತಕವನ್ನು ಹಿಂದಿನಿಂದ ತೆರೆದು ಹಿಡಿದಿದ್ದ.
"ಸರ, ಈ ಆಖರಿ ಪಾಠದಾಗ ಏನದ್ರಿ?"
"ಮಾರ್ಚ್ ಮಟ ತಡಿ, ಮೇಡಂ ಹೇಳ್ತಾರ."
"ಅಲ್ಲಿಮಟ ಇರ್ತೀನೇನ್ರಿ ನಾ ಇಲ್ಲಿ?"

ಸದರಿ ಪ್ರಶ್ನೆಯನ್ನು
ಅವನು ಕೇಳಿದ ಮಾತಿನಲ್ಲೇ ಬರೆದು
ಹದಿನೇಳನೆಯ ಪುಟವಾಗಿ ಲಗತ್ತಿಸಿದ್ದೇನೆ.
ಒಂದು ಪಿನ್ನು ಸಾಲಲಿಲ್ಲ,
ಇನ್ನೊಂದು ಹಾಕಿದೆ.