ಹೆಂಚಿನ ಒಳಮೈ

ದಮ್ಮಾಮಿನಿಂದ ಬಂದಿಳಿದಾಗ ಬೆಳಗಿನ ಏಳು.
ಹೈದರಾಬಾದಿಗೆ ಏರಬೇಕಾದ್ದು ಸಂಜೆ ಐದೂವರೆಗೆ.
ನಡುವೆ ಹತ್ತು ತಾಸು, ಯಾರ ಲೆಕ್ಕಕ್ಕೂ ಸೇರದ್ದು.
ಹನ್ನೊಂದು ವರ್ಷ ವಾರ್ಡಿನಲ್ಲಿ ರಾತ್ರಿ ನಿಂತ ಕಾಲುಗಳಿಗೆ
ಸಾಲು ಕುರ್ಚಿ ಕಂಡರೆ ಸಿಟ್ಟು.
ಕೈಚೀಲ ಹೆಗಲಿಗೇರಿಸಿ ಹೊರಗೆ ಬಂದೆ.

ಗುಡ್ಡದ ನೆತ್ತಿ ಸವರಿ ಮಾಡಿದ ನಿಲ್ದಾಣ;
ಬಸ್ಸು ಅಲ್ಲಿಂದ ಕೈಜಾರಿದ ಕೊಡದ ಹಾಗೆ ಇಳಿಯಿತು.
‘ಓಡೆಗ್?’ ಅಂದ ಕಂಡಕ್ಟರು.
ಓಡು ಅಂದನೋ, ಎಲ್ಲಿಗೆ ಅಂದನೋ,
ಹೆಂಚಿನ ಕಾರ್ಖಾನೆಗೆ, ಅಂದೆ ನಾನು.
‘ಅದೆಲ್ಲ ಮುಚ್ಚಿ ಎಷ್ಟೋ ಕಾಲ ಆಯ್ತಲ್ಲ’ ಎನ್ನುತ್ತ
ಸ್ಟೇಟ್ ಬ್ಯಾಂಕಿಗೆ ಚೀಟಿ ಹರಿದ.

ಶಹಾಪುರದ ನಮ್ಮ ಶಾಲೆಗೊಂದೇ ಹೆಂಚು,
ಉಳಿದ ಓಣಿಗೆಲ್ಲ ಮಣ್ಣಿನ ಮಾಳಿಗೆ.
ಮೂರನೆಯ ಇಯತ್ತೆ. ಜ್ವರ.
ಮನೆಗೆ ಕಳಿಸದೆ ಗುರುಗಳು ಹಿಂದೆ ಮಲಗಿಸಿದ್ದರು.
ಅಂಗಾತ ಬಿದ್ದವಳಿಗೆ ಹೆಂಚಿನ ಒಳಮೈಯಲ್ಲಿ
ಉಬ್ಬು ಅಕ್ಷರ ಕಂಡಿತು.
ನಾನಾಗಿ ಕೂಡಿಸಿ ಓದಿದ ಮೊದಲ ಇಂಗ್ಲಿಷು: ಮಂಗಳೂರು.
ಪಕ್ಕದ ಹೆಂಚಿಗೂ ಅದೇ, ಅದರ ಪಕ್ಕಕ್ಕೂ ಅದೇ,
ತಪ್ಪು ಮಾಡಿದ ಹುಡುಗಿ ನೂರು ಸಲ ಬರೆದ ಹಾಗೆ.
ಯಾರೋ ದೇವರ ಹೆಸರೆಂದು ತಿಳಿದಿದ್ದೆ,
ಬಹಳ ದಿನ.

ಈ ಊರಿಗೆ ಸಮತಟ್ಟು ಗೊತ್ತಿಲ್ಲ.
ಏರಿದ್ದನ್ನು ಇಳಿಸುತ್ತದೆ, ಇಳಿದದ್ದನ್ನು ಏರಿಸುತ್ತದೆ.
ಬೆವರು ಬರುತ್ತದೆ, ಆರುವುದಿಲ್ಲ.
ಬಂದರಿನ ಗಲ್ಲಿಯಲ್ಲಿ ಹಗ್ಗ, ಒಣಮೀನು, ಗೋಣಿ,
ಒಂದು ಅಂಗಡಿಯ ತುಂಬ ಬರೀ ಲಂಗರು.
ಹೋಟೆಲಿನವನು ತಂದಿಟ್ಟದ್ದು ಒಂದೇ ಒಂದು, ಹೆಸರು ಬನ್ಸ್;
ಒಂದಿದ್ದರೂ ಬಹುವಚನವೇ, ಈ ಕಡೆಯ ಮರ್ಯಾದೆ.
‘ನೀವು ಹುಬ್ಬಳ್ಳಿಯವರಾ?’
ಘಟ್ಟದ ಮೇಲೆ ಇವರಿಗೆ ಒಂದೇ ಊರು.
ಹೌದು ಅಂದೆ. ಬಿಸಿಲಿತ್ತು.

ಬೋಳಾರದ ಹೊಳೆದಂಡೆಗೆ ಬರುವಾಗ ಹನ್ನೆರಡು.
ಗೇಟು ಕಾಯುವ ಮೋನಪ್ಪಣ್ಣ ಚಿಮಣಿ ತೋರಿಸಿದರು,
ಹೊಗೆ ಮರೆತು ಆಲದ ಗಿಡ ಹೊತ್ತದ್ದು.
‘ಅಪ್ಪ ಇಲ್ಲಿ ಮಣ್ಣು ತುಳಿದದ್ದು. ನಾನು ಇದನ್ನು ಕಾಯುವುದು.’
ಇದು ಅಂದರೆ ಹದಿನಾಲ್ಕು ಮಹಡಿ, ಇನ್ನೂ ಮೂಳೆ.
ಮೂಲೆಯ ರಾಶಿಯಿಂದ ಒಂದು ಎಳೆದು ಕೊಟ್ಟರು:
‘ಓಡು ಹೇಳ್ತೇವೆ ನಾವು ಇದಕ್ಕೆ. ಬೇಕಾ?’
ತಿರುವಿದೆ. ಅರ್ಧ ಹೆಸರು ಪಾಚಿ ತಿಂದಿತ್ತು,
ಉಳಿದರ್ಧವನ್ನು ನಾಡಿ ಹಿಡಿಯುವ ಬೆರಳಿಂದ ಓದಿದೆ.
ಎರಡೂವರೆ ಕಿಲೊ ಇದ್ದೀತು.
ನನಗೆ ಬಿಟ್ಟದ್ದು ಏಳು, ತುಂಬಿಯಾಗಿತ್ತು:
ಖರ್ಜೂರ, ಅತ್ತಿಗೆಯ ಮಿಕ್ಸರು.
ಇದ್ದಲ್ಲೇ ಇಟ್ಟೆ, ಇದ್ದ ಹಾಗೆಯೇ.

‘ಯವ್ವಾ, ಮಾತು ನಮ್ಮ ಕಡೀದದ!’
ಬುಟ್ಟಿ ಇಳಿಸಿ ನಿಂತವಳು ಸುರಪುರದ ದೇವಕೆಮ್ಮ.
ಗಂಡ ಮೇಲೆ, ಆರನೆಯ ಮಹಡಿಯಲ್ಲಿ ಸರಳು ಕಟ್ಟುತ್ತಾನಂತೆ.
ತಗಡಿನ ಗೂಡಿನೊಳಗೆ ಕರೆದು ನೀರು ಕೊಟ್ಟಳು.
ನೆಲದಲ್ಲಿ ಮಗಳು ಅಂಗಾತ,
ಕಣ್ಣು ಛಾವಣಿಗೆ.
ಏನು ನೋಡ್ತಿ?
‘ಮೊಳಿ ಎಣಸಾಕತ್ತೀನಿ.’
ಎಷ್ಟಾದವು?
‘ನಲವತ್ತು. ಮುಂದ ಬರಂಗಿಲ್ಲ.’
ನಲವತ್ತೊಂದು ಹೇಳಿಕೊಟ್ಟೆ, ನಲವತ್ತೆರಡು,
ಐವತ್ತೇಳಕ್ಕೆ ಬಂದಾಗ ಬಸ್ಸಿಗೆ ಹೊತ್ತಾಯಿತು.
ಖರ್ಜೂರದ ಪೊಟ್ಟಣ ಅಲ್ಲೇ ಮರೆತೆ,
ಮರೆತೆನೆಂದೇ ಅತ್ತಿಗೆಗೆ ಹೇಳುವುದು.
ಆ ಮೇಲೆ ಚೀಲ ಹಗುರ.
ಹೆಂಚಿಗೆ ಜಾಗವಿತ್ತು. ತಿರುಗಿ ಹೋಗಲಿಲ್ಲ.

ಐದೂ ನಲವತ್ತಕ್ಕೆ ವಿಮಾನ ಗುಡ್ಡದ ಅಂಚು ದಾಟಿತು.
ಕಿಟಕಿಯವನು ಕಣ್ಣು ಮುಚ್ಚಿ ಸೀಟು ಹಿಡಿದಿದ್ದ;
ಅವನ ಎದೆಯ ಮೇಲಿಂದ ಬಾಗಿ ನೋಡಿದೆ.
ತೆಂಗಿನ ಸಂದಿಯಲ್ಲಿ ಕೆಂಪು ಬೆನ್ನುಗಳು,
ಮೇಲಿನಿಂದ ನೋಡುವವರಿಗೆಂದು
ಏನೂ ಬರೆದಿಲ್ಲ ಅಲ್ಲಿ.
ಹೊಳೆ ತಿರುಗುವಲ್ಲಿ ಯಾವುದೋ ತಗಡು
ಬಿಸಿಲನ್ನು ನೇರ ಕಣ್ಣಿಗೆ ಎಸೆಯಿತು, ಒಂದು ಸಲ.
ಐವತ್ತೆಂಟು, ಅಂದೆ.
ಪಕ್ಕದವನು ಬೆಚ್ಚಿ ಕಣ್ಣು ತೆರೆದ.