ಬಾಗಿಲು ತೆರೆದ ಹೊತ್ತು

ಗ್ದೀನ್ಯ ನಿಲ್ದಾಣದ ಮೇಲಂತಸ್ತಿನ ಗಾಜಿನ ಗೂಡಲ್ಲಿ
ಇಪ್ಪತ್ತೊಂಬತ್ತು ವರ್ಷ ಮೈಕಿನ ಮುಂದೆ ಕೂತಿದ್ದೆ.
"ರೈಲು ಎಪ್ಪತ್ತು ನಿಮಿಷ ತಡ.
ಪ್ರಯಾಣಿಕರಿಗಾದ ಅಡಚಣೆಗೆ ವಿಷಾದಿಸುತ್ತೇವೆ."
ವಿಷಾದ ಇಲಾಖೆಯದು,
ದನಿಯಷ್ಟೇ ನನ್ನದು.
ಊರಲ್ಲಿ ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ.
ಬ್ರೆಡ್ಡಿನಂಗಡಿಯಲ್ಲಿ ಬಾಯಿ ತೆರೆದರೆ ಸಾಕು,
ಸಾಲಲ್ಲಿದ್ದವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಈ ಮಾರ್ಚಿನಲ್ಲಿ ತಮ್ಮ ಲೆಶೆಕ್‌ನ ಮದುವೆ, ನಾರ್ವೆಯ ಬೆರ್ಗೆನ್ನಿನಲ್ಲಿ.
ಅವನಿಗೆ ಅರವತ್ತೊಂದು. ಹುಡುಗಿ,
ಮೀನಿನ ಕಾರ್ಖಾನೆಯಲ್ಲಿ ಎದುರು ಮೇಜಿನವಳು, ಐವತ್ತೆಂಟು.
ಗ್ದಾನ್ಸ್ಕ್‌ನಿಂದ ಎರಡು ಗಂಟೆಯೂ ಹಿಡಿಯದ ದಾರಿ.
ತೊಡೆಯ ಮೇಲೆ ಗಸಗಸೆ ಸುರುಳಿಯ ಡಬ್ಬಿ,
ತಲೆಯ ಮೇಲೆ ಹಲಗೆ: ತಡ. ಮತ್ತೆ ತಡ.
ಕೈಗೊಂದು ಚೀಟಿ ಕೊಟ್ಟರು, ಒಂದು ಸ್ಯಾಂಡ್‌ವಿಚ್ಚಿಗೆ, ಒಂದು ಬಾಟಲಿ ನೀರಿಗೆ.
ಯಾಕೆ ತಡ ಎಂದರೆ ಕೌಂಟರಿನ ಹುಡುಗಿ
ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.
ನಾನು ಬೈಯಲಿಲ್ಲ.
ಆ ಕುರ್ಚಿ ನನಗೆ ಗೊತ್ತು.

ಚಕ್ರ ನೆಲ ಮುಟ್ಟಿದಾಗ
ಎರಡು ಗಂಟೆ ಐವತ್ತಾರು ನಿಮಿಷ ತಡ.
ಮೆಟ್ಟಿಲಿನ ಗಾಡಿ ಬರಲಿಲ್ಲ. ಕತ್ತು ಬಗ್ಗಿಸಿ,
ಚೀಲ ಅವಚಿಕೊಂಡು ನಿಂತೇ ಇದ್ದೆವು.
ಬಾಗಿಲು ತೆರೆದಾಗ ಮೂರು ಗಂಟೆ ನಾಲ್ಕು ನಿಮಿಷ.
ಹಳೇ ಚಾಳಿ, ಬೋರ್ಡಿಂಗ್ ಪಾಸಿನ ಬೆನ್ನಿಗೆ
ಎರಡನ್ನೂ ಬರೆದುಕೊಂಡೆ, ಪೆನ್ಸಿಲಿನಲ್ಲಿ.

ಉಂಗುರ ಆಗಲೇ ಬೆರಳೇರಿತ್ತು.
ಫೋಟೋದಲ್ಲಿ ನನ್ನ ಕುರ್ಚಿಯ ಮೇಲೆ ಯಾರದೋ ಕೋಟು.

ಮೂರು ಗಂಟೆ ದಾಟಿದರೆ ಇನ್ನೂರೈವತ್ತು ಯೂರೋ ಕೇಳಬಹುದು,
ಹಿಂದಿನ ಸೀಟಿನ ವಿದ್ಯಾರ್ಥಿ ಹೇಳಿದ್ದ.
ಯುರೋಪಿನ ಕಾನೂನು ದೂರಕ್ಕೆ ಬೆಲೆ ಕಟ್ಟುತ್ತದೆ,
ತಪ್ಪಿಹೋದದ್ದು ಏನೆಂದು ಕೇಳುವುದಿಲ್ಲ.
ತಮ್ಮನ ಮದುವೆಗೂ ಪರರ ಮೋಜಿಗೂ ಒಂದೇ ದರ.
ನನಗದು ಹಿಡಿಸಿತು.
ಕಣ್ಣೀರು ತೂಗುವ ತಕ್ಕಡಿ ಇಟ್ಟಿದ್ದರೆ
ಆ ಕಚೇರಿಯ ಹೊಸಿಲು ನಾನು ತುಳಿಯುತ್ತಿರಲಿಲ್ಲ.

ಮೊದಲ ಉತ್ತರ: "ಅಸಾಧಾರಣ ಪರಿಸ್ಥಿತಿ."
ಯಾವುದು? ಬಿರುಗಾಳಿಯೆ, ಹಕ್ಕಿಯೆ, ಎಂದು ಬರೆದೆ.
"ತಾಂತ್ರಿಕ," ಎಂದರು. ಕುಣಿಯಲಾರದವಳು
ನೆಲ ಡೊಂಕು ಅಂದಳಂತೆ.
ಯಂತ್ರ ಸವೆಯುವುದು ಅಸಾಧಾರಣವಾದರೆ
ನನ್ನ ಮಂಡಿಗೆ ಯಾರು ಕೊಡುತ್ತಾರೆ ದುಡ್ಡು?

ಎರಡನೆಯದು: "ತಾವು ಮೂರು ಗಂಟೆಯ ಒಳಗೇ ತಲುಪಿದ್ದೀರಿ."

ತಲುಪುವುದು ಎಂದರೇನು?
ಲಕ್ಸೆಂಬರ್ಗಿನ ನ್ಯಾಯಾಲಯ ಎಂದೋ ಕೂತು ಯೋಚಿಸಿದೆಯಂತೆ:
ಚಕ್ರ ನೆಲಕ್ಕೆ ತಾಗಿದ್ದಲ್ಲ,
ಒಂದಾದರೂ ಬಾಗಿಲು ತೆರೆದದ್ದು,
ಇಳಿಯಲು ಬಿಟ್ಟದ್ದು.
ಅದನ್ನು ಓದಿ ಕನ್ನಡಕ ತೆಗೆದಿಟ್ಟೆ.

ಎಂಬತ್ತೇಳರ ಜನವರಿ. ಎರಡನೇ ಪ್ಲಾಟ್‌ಫಾರ್ಮಿಗೆ
ಹಿಮ ಹೊತ್ತ ರೈಲು ಬಂದು ನಿಂತಿತ್ತು.
"ಬಂದಿದೆ," ಎಂದು ಸಾರಿ ಮೈಕು ಆರಿಸಿ
ಚಹಾಕ್ಕೆ ಕೈ ಚಾಚಿದ್ದೆ.
ಬಾಗಿಲುಗಳು ಹೆಪ್ಪುಗಟ್ಟಿದ್ದವು.
ಒಳಗಿನಿಂದ ಬೂಟುಗಾಲಲ್ಲಿ ಒದೆಯುವ ಸದ್ದು
ಗಾಜಿನ ಗೂಡಿನವರೆಗೂ ಬರುತ್ತಿತ್ತು, ಅರ್ಧ ಗಂಟೆ.
ದಾಖಲೆಯಲ್ಲಿ ಅವರೆಲ್ಲ ಆಗಲೇ ತಲುಪಿದ್ದರು,
ನನ್ನ ಕೈಬರಹದಲ್ಲಿ.

ಮೂರನೇ ಪತ್ರಕ್ಕೆ ಪೆನ್ಸಿಲಿನ ಗೀಟಿನ ಪ್ರತಿ ಲಗತ್ತಿಸಿದೆ,
ವಿದ್ಯಾರ್ಥಿ ತನ್ನ ಫೋನಿನಲ್ಲಿದ್ದ ಚಿತ್ರ ಕಳಿಸಿದ್ದ:
ಮುಚ್ಚಿದ ಬಾಗಿಲು, ಸಾಲು ಬೆನ್ನು, ಮೂಲೆಯಲ್ಲಿ ಸಮಯ,
ನನ್ನ ಡಬ್ಬಿಯ ಕೆಂಪು ದಾರ.

ಹನ್ನೊಂದನೇ ವಾರ ದುಡ್ಡು ಬಂತು.
ಜೊತೆಗೆ ಒಂದು ಸಾಲು:
"ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ."
ಅಡುಗೆಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದೆ,
ಹಳೆಯ ದನಿಯಲ್ಲಿ.
'ಅಡಚಣೆಗೆ' ಆದ ಮೇಲೆ ಒಂದು ಉಸಿರಿನಷ್ಟು ತಡೆಯಬೇಕು,
ಬರೆದವರಿಗೆ ಅದು ಗೊತ್ತಿಲ್ಲ.
ಇನ್ನೊಮ್ಮೆ ಓದಿದೆ, ತಡೆದು.

ಮೇಲಿನ ಮನೆಯ ಮುದುಕ ಕ್ಷಾವೆರಿ
ಕಿಟಕಿ ತೆರೆದು ಕೂಗಿದ:
"ಎಷ್ಟು ತಡ?"